ಗಿಡ ತುಂಬ ಹೂವು, ಚಿಟ್ಟೆ ಮಾತ್ರ ಇಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ನೇರಳೆ ಬಣ್ಣದ ಉದ್ದನೆ ಗೊನೆ, ಹತ್ತಿರ ಹೋದರೆ ಜೇನಿನ ವಾಸನೆ. ಚಿಟ್ಟೆ ಗಿಡ ಅಂತ ನರ್ಸರಿಯಲ್ಲಿ ಕೊಡುವ ಬಡ್ಲಿಯಾ ಈಗ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳ ಮುಂದಿದೆ. ತಂದವರೆಲ್ಲ ಎರಡು ತಿಂಗಳಿಗೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳುತ್ತಾರೆ. ಹೂವು ಬಂತು, ಚಿಟ್ಟೆ ಎಲ್ಲಿ? ಇನ್ನು ಕೆಲವರ ದೂರು ಬೇರೆ. ಚಿಟ್ಟೆ ಬರುತ್ತದೆ, ನಿಲ್ಲುವುದಿಲ್ಲ. ಹುಳ ಕಾಣುತ್ತದೆ, ಮಾರನೇ ದಿನ ಇರುವುದಿಲ್ಲ. ಕೋಶ ಕಟ್ಟಿತು, ಒಡೆಯಲೇ ಇಲ್ಲ.

ಈ ದೂರುಗಳೆಲ್ಲ ಕೇಳುವುದಕ್ಕೆ ಒಂದೇ ಥರ ಇವೆ. ಕಾರಣ ಮಾತ್ರ ಒಂದೊಂದಕ್ಕೂ ಬೇರೆ. ಕಾರಣ ಗೊತ್ತಿಲ್ಲದೆ ಇನ್ನೊಂದು ಹೂವಿನ ಗಿಡ ತಂದು ನೆಟ್ಟರೆ ದುಡ್ಡು ಹೋಗುತ್ತದೆ ಅಷ್ಟೇ.

ನಾನು ಬೆಳೆದದ್ದು ಶಿಡ್ಲಘಟ್ಟದ ಕಡೆಯ ಹಳ್ಳಿಯಲ್ಲಿ, ರೇಷ್ಮೆ ಹುಳ ಮೇಯಿಸುವ ಮನೆಯಲ್ಲಿ. ರೇಷ್ಮೆ ಹುಳವೂ ಒಂದು ಪತಂಗದ ಮರಿಯೇ. ಮೊಟ್ಟೆ, ಹುಳ, ಕೋಶ, ರೆಕ್ಕೆ. ಚಿಟ್ಟೆಗೂ ಅದೇ ನಾಲ್ಕು ಹಂತ. ಹುಳ ಮೇಯಿಸುವವರು ತೋಟದಲ್ಲಿ ಸೊಪ್ಪು ಎಷ್ಟಿದೆ ಅಂತ ನೋಡಿಕೊಂಡೇ ಮೊಟ್ಟೆ ತರುತ್ತಾರೆ. ಸೊಪ್ಪಿಲ್ಲದೆ ಬೆಳೆ ಇಲ್ಲ. ಹಾಗಾಗಿ ಯಾರದೇ ಹಿತ್ತಲಿಗೆ ಹೋದರೂ ನನ್ನ ಕಣ್ಣು ಮೊದಲು ಹೂವಿಗೆ ಹೋಗುವುದಿಲ್ಲ, ಸೊಪ್ಪಿಗೆ ಹೋಗುತ್ತದೆ. ಹತ್ತರಲ್ಲಿ ಏಳೆಂಟು ಹಿತ್ತಲಲ್ಲಿ ತೊಂದರೆ ಇರುವುದೂ ಅಲ್ಲೇ.

ಮೊದಲು ಮೂರು ದಿನ ಸುಮ್ನೆ ಕೂತು ನೋಡಿ

ಏನನ್ನೂ ಬದಲಾಯಿಸಬೇಡಿ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ಒಳಗೆ ಅರ್ಧ ಗಂಟೆ ಗಿಡದ ಹತ್ತಿರ ಕೂರಿ. ಚಿಟ್ಟೆ ಬಿಸಿಲಿಗೆ ಮೈ ಕಾಯಿಸಿಕೊಂಡ ಮೇಲೇ ಹಾರುತ್ತದೆ. ಏಳು ಗಂಟೆಗೆ ಕಾಫಿ ಲೋಟ ಹಿಡಿದು ನೋಡಿ, ಬರಲಿಲ್ಲ ಅಂದರೆ ಅದು ಗಿಡದ ತಪ್ಪಲ್ಲ.

ಕೂತಾಗ ಚಿಟ್ಟೆ ಒಂದನ್ನೇ ಹುಡುಕಬೇಡಿ. ಜೇನು ಬರುತ್ತಿದೆಯಾ? ಇರುವೆ ಹತ್ತುತ್ತಿದೆಯಾ? ಸಂಜೆ ಆರೂವರೆ ಹೊತ್ತಿಗೆ ಇನ್ನೊಂದು ಸಲ ನೋಡಿ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆ ನಳಿಗೆ ಚಾಚಿ ಹೀರುವ ಪತಂಗ ಬರಬಹುದು. ಎಷ್ಟೋ ಜನ ಅದನ್ನು ಪುಟ್ಟ ಹಕ್ಕಿ ಅಂದುಕೊಳ್ಳುತ್ತಾರೆ. ಅದು ಬಂದರೆ ಹೂವಿನಲ್ಲಿ ಮಕರಂದ ಇದೆ ಅಂತ ಗೊತ್ತಾಯಿತು.

ಈಗ ಲೆಕ್ಕ ಹಾಕಿ. ಜೇನೂ ಇಲ್ಲ, ಪತಂಗವೂ ಇಲ್ಲ, ಒಂದು ನೊಣವೂ ಕೂರುತ್ತಿಲ್ಲ ಅಂದರೆ ಗಿಡದಲ್ಲಿ ಮಕರಂದ ಬತ್ತಿದೆ, ಇಲ್ಲವೇ ವಿಷ ಇದೆ. ಜೇನು ಬರುತ್ತದೆ, ಚಿಟ್ಟೆ ಮಾತ್ರ ಇಲ್ಲ ಅಂದರೆ ಕಾಲ, ಗಾಳಿ ಅಥವಾ ಸೊಪ್ಪಿನ ತೊಂದರೆ. ಚಿಟ್ಟೆ ಬಂದು ಒಂದು ಗುಟುಕು ಹೀರಿ ಹೊರಟೇ ಹೋಗುತ್ತದೆ ಅಂದರೆ ಹೆಚ್ಚುಕಮ್ಮಿ ಸೊಪ್ಪಿನದೇ.

ಕಾಲ ಮತ್ತು ಗಾಳಿ

ಇದನ್ನು ಬೇಗ ಮುಗಿಸುತ್ತೇನೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಚಿಟ್ಟೆ ಕಡಿಮೆ. ಮಳೆ ಬಿದ್ದು ಸೊಪ್ಪು ಚಿಗುರಿದ ಮೇಲೆ ಜಾಸ್ತಿಯಾಗಿ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ತುಂಬಿ ತುಳುಕುತ್ತದೆ. ಯುಗಾದಿಗೆ ಗಿಡ ನೆಟ್ಟು ಬಸವ ಜಯಂತಿಗೆ ಚಿಟ್ಟೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಆಷಾಢದ ಗಾಳಿ ಇನ್ನೊಂದು. ಬಯಲು ಸೀಮೆಯಲ್ಲಿ ಅದು ಬೀಸಿದರೆ ಒಣಹಾಕಿದ ಬಟ್ಟೆ ನಿಲ್ಲುವುದಿಲ್ಲ, ಚಿಟ್ಟೆ ಹೇಗೆ ನಿಂತೀತು? ಗಿಡ ಮನೆಯ ಪಡುವಣ ದಿಕ್ಕಿಗೆ ಬಯಲಲ್ಲಿದ್ದರೆ ಗಾಳಿಗೆ ಅಡ್ಡವಾಗಿ ರತ್ನಗಂಧಿಯ ಒಂದು ಸಾಲು ನೆಡಿ. ಗಾಳಿಯೂ ತಡೆಯುತ್ತದೆ, ಅದರ ಹೂವೂ ಚಿಟ್ಟೆಗೆ ಇಷ್ಟ. ಬೇಲಿಗೆ ಲಂಟಾನ ಹಾಕುವವರಿದ್ದಾರೆ. ಚಿಟ್ಟೆ ಬರುತ್ತದೆ, ನಿಜ. ಆದರೆ ದೇವರಾಯನದುರ್ಗದ ಕಾಡಿನಂಥ ಕಡೆ ಆ ಗಿಡ ಹಬ್ಬಿ ಬೇರೆ ಏನನ್ನೂ ಬೆಳೆಯಲು ಬಿಡುವುದಿಲ್ಲ. ನಾವೇ ಅದನ್ನು ತಂದು ನೆಡಬಾರದು.

ಗಿಡವೇ ಸೊರಗಿದ್ದರೆ

ಬಡ್ಲಿಯಾ ಚೀನಾದ ಗುಡ್ಡಗಾಡಿನ ಗಿಡ. ಅದರ ಪೂರ್ತಿ ಹೆಸರು ಬಡ್ಲಿಯಾ ಡೇವಿಡೀ. ಆರ್ಮಂಡ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿಯ ಹೆಸರು ಅದು. ತಂಪಿನಲ್ಲಿ ಎಂಥ ಜಾಗದಲ್ಲೂ ಬೆಳೆಯುತ್ತದೆ. ಇಂಗ್ಲೆಂಡಿನಲ್ಲಿ ರೈಲು ಹಳಿ ಪಕ್ಕ, ಪಾಳು ಗೋಡೆ ಮೇಲೆಲ್ಲ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದಕ್ಕೆ ಅಷ್ಟೊಂದು ಕಷ್ಟವಿಲ್ಲ. ಮುಳಬಾಗಿಲು, ಪಾವಗಡದ ಬೇಸಿಗೆಗೆ ಮಾತ್ರ ಬಾಡುತ್ತದೆ. ಆ ಕಡೆಯವರು ಬೆಳಿಗ್ಗೆಯಿಂದ ಆರು ಗಂಟೆ ಹೊತ್ತು ಪೂರ್ತಿ ಬಿಸಿಲು ಸಿಕ್ಕಿ, ಎರಡರ ನಂತರ ನೆರಳು ಬೀಳುವ ಜಾಗ ಹುಡುಕಿ.

ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಲ್ಲುವ ಗಿಡಕ್ಕೆ ಎಲ್ಲರೂ ನೀರು ಜಾಸ್ತಿ ಮಾಡುತ್ತಾರೆ. ತಡೀರಿ. ಬೆರಳು ಮಣ್ಣಿಗೆ ಇಳಿಸಿ ನೋಡಿ. ಮಣ್ಣು ಒದ್ದೆ ಇದ್ದೂ ಬಾಡುತ್ತಿದ್ದರೆ ತೊಂದರೆ ಬೇರಿನಲ್ಲಿದೆ. ಪಕ್ಕದಲ್ಲಿ ಸ್ವಲ್ಪ ಮಣ್ಣು ಬಿಡಿಸಿ ನಾಲ್ಕು ಎಳೆ ಬೇರು ತೆಗೆದು ತೊಳೆಯಿರಿ. ಬೇರು ಕಪ್ಪಾಗಿ ಕೊಳೆತ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ, ಬುಡ ಎತ್ತರಿಸಬೇಕು. ಬೇರಿನ ಮೇಲೆ ಸಾಸಿವೆ, ಹೆಸರುಕಾಳಿನಷ್ಟು ಗಂಟು ಗಂಟು ಇದ್ದರೆ ಅದು ಬೇರುಗಂಟು ರೋಗ. ಟೊಮೆಟೊ ಬೆಳೆದವರಿಗೂ, ಹಿಪ್ಪುನೇರಳೆ ಬೆಳೆದವರಿಗೂ ಇದರ ಪರಿಚಯ ಚೆನ್ನಾಗಿಯೇ ಇದೆ. ಕಣ್ಣಿಗೆ ಕಾಣದ ದುಂಡು ಹುಳು ಮಾಡುವ ಕೆಲಸ. ಬಡ್ಲಿಯಾಕ್ಕೆ ಇದರ ಕಾಟ ಜಾಸ್ತಿ. ನಾನು ಬುಡಕ್ಕೆ ಎರಡು ಹಿಡಿ ಬೇವಿನ ಹಿಂಡಿ ಕೊಟ್ಟು, ಸುತ್ತ ಚೆಂಡುಹೂವು ನೆಡುತ್ತೇನೆ. ಚೆಂಡುಹೂವಿನ ಬೇರು ಈ ಹುಳುವನ್ನು ಹತ್ತಿಕ್ಕುತ್ತದೆ. ತೀರಾ ಗಂಟಾದ ಗಿಡವನ್ನು ಮಾತ್ರ ಕಿತ್ತು, ಬೇರೆ ಜಾಗದಲ್ಲಿ ಹೊಸ ಕಡ್ಡಿ ನೆಡುವುದೇ ಸರಿ. ಕಡ್ಡಿಯಿಂದ ಸುಲಭವಾಗಿ ಬರುತ್ತದೆ.

ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಸಾವಿರ ಅಡಿ ಬೋರ್‌ವೆಲ್ ನೀರು ಹಾಕಿ ಹಾಕಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ, ನೋಡಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಆ ಗಡಸು ನೀರಿನಿಂದ ಗಿಡಕ್ಕೆ ಅದು ದಕ್ಕುವುದಿಲ್ಲ. ಮಳೆ ನೀರು ಹಿಡಿದಿಟ್ಟು ವಾರಕ್ಕೊಮ್ಮೆ ಕೊಡಿ, ಎಲೆಗೊಬ್ಬರ ಹಾಕಿ. ಎಲೆ ಹಿಂದೆ ಸಣ್ಣ ಬಲೆ, ಮುಂದೆ ಬೂದು ಚುಕ್ಕಿ ಇದ್ದರೆ ನುಸಿ. ಜೋರಾಗಿ ನೀರು ಚಿಮ್ಮಿಸಿ ತೊಳೆದರೆ ಸಾಕು.

ಎಲೆ ದಟ್ಟ, ಹೂವಿಲ್ಲ ಅನ್ನುವವರು ಗೊಬ್ಬರ ಜಾಸ್ತಿ ಕೊಟ್ಟಿರುತ್ತಾರೆ, ಇಲ್ಲ ಕತ್ತರಿ ಹಾಕಿರುವುದಿಲ್ಲ. ಈ ಗಿಡ ಹೊಸ ಚಿಗುರಿನ ತುದಿಯಲ್ಲೇ ಹೂ ಬಿಡುವುದು. ಮುಂಗಾರಿಗೆ ಮುಂಚೆ ಮಂಡಿ ಎತ್ತರಕ್ಕೆ ಕತ್ತರಿಸಿ. ಒಣಗಿದ ಗೊನೆಗಳನ್ನು ಆಗಾಗ ತೆಗೆಯಿರಿ.

ಇನ್ನೊಂದು ಮಾತು. ಈ ಹೂವಿನ ಕೊಳವೆ ಸುಮಾರು ಒಂದು ಸೆಂಟಿಮೀಟರ್ ಆಳ. ನೆಲದ ಹತ್ತಿರ ಹಾರುವ ಉಗುರಿನಷ್ಟೇ ಅಗಲದ ನೀಲಿ ಚಿಟ್ಟೆಗಳ ನಾಲಿಗೆ ಅಷ್ಟು ಉದ್ದ ಇರುವುದಿಲ್ಲ. ಅವಕ್ಕೆ ಬೇಲಿ ಪಕ್ಕದ ಗಬ್ಬುಸೇವಂತಿಯೇ ಬೇಕು. ಕಳೆ ಅಂತ ಅದನ್ನು ಪೂರ್ತಿ ಕಿತ್ತು ಹಾಕಿದ ಹಿತ್ತಲಲ್ಲಿ ಸಣ್ಣ ಚಿಟ್ಟೆ ಇರುವುದಿಲ್ಲ. ಗರುಡ ಚಿಟ್ಟೆಯಂಥ ದೊಡ್ಡದನ್ನು ಕಾಯುತ್ತಾ ಇವನ್ನು ಮರೆಯುತ್ತೇವೆ. ಕೂತು ನೋಡಿದರೆ ಇವುಗಳ ಚಂದವೇ ಬೇರೆ.

ಬರುತ್ತದೆ, ನಿಲ್ಲುವುದಿಲ್ಲ

ಬಡ್ಲಿಯಾ ಹೋಟೆಲ್ ಇದ್ದ ಹಾಗೆ. ಊಟ ಮಾಡಿ ಹೋಗುತ್ತಾರೆ, ಸಂಸಾರ ಹೂಡುವುದಿಲ್ಲ. ನನ್ನ ಹಿತ್ತಲಲ್ಲಿ ಇಷ್ಟು ವರ್ಷದಲ್ಲಿ ಒಂದೇ ಒಂದು ಚಿಟ್ಟೆ ಹುಳ ಅದರ ಎಲೆ ತಿಂದದ್ದು ನಾನು ನೋಡಿಲ್ಲ. ಹೆಣ್ಣು ಚಿಟ್ಟೆಗೆ ಮೊಟ್ಟೆ ಇಡಲು ತನ್ನ ಜಾತಿಯ ಸೊಪ್ಪೇ ಬೇಕು. ಅದು ಎಲೆಯನ್ನು ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಒಂದು ಚಿಟ್ಟೆ ಹೂವಿನ ಕಡೆ ತಿರುಗಿಯೂ ನೋಡದೆ ಎಲೆಯಿಂದ ಎಲೆಗೆ ಹಾರಿ ಒಂದೊಂದನ್ನೂ ಮುಟ್ಟಿ ಬಿಡುತ್ತಿದೆ ಅಂದರೆ ಅದು ಸೊಪ್ಪು ಹುಡುಕುತ್ತಿದೆ. ನಿಮ್ಮಲ್ಲಿ ಸಿಗದಿದ್ದರೆ ಪಕ್ಕದ ಮನೆಗೆ ಹೋಗುತ್ತದೆ.

ಒಳ್ಳೆಯ ವಿಷಯ ಏನೆಂದರೆ ಬೇಕಾದ ಸೊಪ್ಪೆಲ್ಲ ನಮ್ಮ ಊರಿನದೇ. ಕರಿಬೇವು, ನಿಂಬೆ ಇದ್ದರೆ ನಿಂಬೆ ಚಿಟ್ಟೆ, ಅಂದರೆ ಕಪ್ಪು ಮೈಗೆ ತಿಳಿಹಳದಿ ಚುಕ್ಕಿಯದು, ಬಂದೇ ಬರುತ್ತದೆ. ಎಕ್ಕದ ಗಿಡ ಇದ್ದರೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ರಥಸಪ್ತಮಿಗೆ ಎಲೆ ಬೇಕು ಅಂತ ಅಮ್ಮ ಗೇಟಿನ ಪಕ್ಕ ಒಂದು ಎಕ್ಕ ಉಳಿಸಿಕೊಂಡಿದ್ದಳು. ನಮ್ಮ ಹಿತ್ತಲಲ್ಲಿ ಮೊದಲು ಹುಳ ಕಂಡದ್ದು ಅದರಲ್ಲೇ. ಕಪ್ಪು, ಬಿಳಿ, ಹಳದಿ ಪಟ್ಟೆ, ಮೈ ಮೇಲೆ ಮೂರು ಜೊತೆ ಕರಿ ಮೀಸೆ. ಎಕ್ಕದ ಹಾಲಿನ ವಿಷ ಅದರ ಮೈಗೆ ಸೇರುತ್ತದೆ, ಅದಕ್ಕೇ ಹಕ್ಕಿಗಳು ಮುಟ್ಟುವುದು ಕಡಿಮೆ. ಕಣಗಿಲೆಯಲ್ಲಿ ಕಾಮನ್ ಕ್ರೋ ಚಿಟ್ಟೆ. ಸೀತಾಫಲಕ್ಕೆ ಹಸಿರು ಚುಕ್ಕಿಯ ಟೈಲ್ಡ್ ಜೇ. ತಂಗಡಿ, ಕಕ್ಕೆಗೆ ತಿಳಿಹಳದಿ ವಲಸೆ ಚಿಟ್ಟೆ. ಹರಳು ಗಿಡಕ್ಕೂ ಒಂದಿದೆ, ಅದರ ಹೆಸರೇ ಕಾಮನ್ ಕ್ಯಾಸ್ಟರ್. ಗೋಣಿಸೊಪ್ಪಿನಲ್ಲಿ ಡನಾಯ್ಡ್ ಎಗ್‌ಫ್ಲೈ. ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ಥರ ವೇಷ ಹಾಕಿ ಹಕ್ಕಿಗೆ ಮೋಸ ಮಾಡುತ್ತದೆ.

ಶ್ರೀನಿವಾಸಪುರದ ಕಡೆಯವರಿಗೆ ಮಾವಿನ ಮರವೇ ಸಾಕು. ಕಾಮನ್ ಬ್ಯಾರನ್ ಚಿಟ್ಟೆಯ ಹುಳ ಮಾವಿನ ಎಲೆ ತಿನ್ನುತ್ತದೆ. ಎರಡೂ ಪಕ್ಕಕ್ಕೆ ಹಸಿರು ಗರಿ ಚಾಚಿಕೊಂಡು, ಬೆನ್ನ ಗೆರೆಯನ್ನು ಎಲೆಯ ನಡುನರದ ಮೇಲೆ ಸರಿಯಾಗಿ ಕೂರಿಸಿ ಮಲಗಿರುತ್ತದೆ. ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಅದರ ದೊಡ್ಡ ಚಿಟ್ಟೆ ಹೂವಿಗಿಂತ ಕೊಳೆತ ಹಣ್ಣಿಗೇ ಜಾಸ್ತಿ ಬರುವುದು. ತೀರಾ ಹಣ್ಣಾದ ಬಾಳೆ, ಮಾವಿನ ವಾಟೆ ಒಂದು ತಟ್ಟೆಯಲ್ಲಿ ನೆರಳಿಗಿಡಿ. ಮಾವಿನ ಮೇಲೆ ಬೆಳೆಯುವ ಬದನಿಕೆಯೂ ಒಂದು ಚಿಟ್ಟೆಯ ಸೊಪ್ಪು, ಹಳದಿ ಕೆಂಪಿನ ಜೆಜೆಬೆಲ್‌ದು. ತೋಟದಲ್ಲಿ ಬದನಿಕೆ ಕತ್ತರಿಸಲೇಬೇಕು. ಮನೆ ಮುಂದಿನ ಒಂಟಿ ಮರದಲ್ಲಿ ಒಂದು ಗೊಂಚಲು ಬಿಟ್ಟರೆ ನಷ್ಟವಿಲ್ಲ.

ನೀರೂ ಸೊಪ್ಪಿನಷ್ಟೇ ಮುಖ್ಯ. ಚಿಟ್ಟೆ ತೊಟ್ಟಿಯಲ್ಲಿ ಕುಡಿಯುವುದಿಲ್ಲ, ಒದ್ದೆ ಮಣ್ಣಿನಿಂದ ಉಪ್ಪಿನ ಅಂಶ ಹೀರುತ್ತದೆ. ಅಗಲ ತಟ್ಟೆಗೆ ಮರಳು ತುಂಬಿ, ಚಿಟಿಕೆ ಉಪ್ಪು, ಸ್ವಲ್ಪ ಸಗಣಿ ನೀರು ಹಾಕಿ ಒದ್ದೆ ಇಡಿ.

ಹುಳ ಇತ್ತು, ಈಗ ಇಲ್ಲ

ಹುಳ ಎಷ್ಟು ದೊಡ್ಡದಿತ್ತು ಅನ್ನುವುದೇ ಇಲ್ಲಿ ಮೊದಲ ಪ್ರಶ್ನೆ.

ಕರಿಬೇವಿನ ಎಳೆ ಚಿಗುರಿನ ಮೇಲೆ ಗಸಗಸೆಗಿಂತ ದಪ್ಪನೆ ತಿಳಿಹಳದಿ ಮೊಟ್ಟೆ ಒಂದೊಂದೇ ಇರುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ. ಮೊದಲು ಅದು ಹುಳದ ಹಾಗೆ ಕಾಣುವುದೇ ಇಲ್ಲ, ಹಕ್ಕಿ ಹಿಕ್ಕೆ ಹಾಕಿದಂತೆ ಕಂದು ಬಿಳಿ ಮಚ್ಚೆ. ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ, ಒಂದನೇ ಜ್ವರ, ಎರಡನೇ ಜ್ವರ ಅಂತ. ನಾಲ್ಕನೇ ಜ್ವರದಿಂದ ಎದ್ದಾಗ ಹಚ್ಚಹಸಿರು. ಹಿಕ್ಕೆಯಂಥ ಹುಳ ಮಾಯವಾಗಿ ಅದೇ ಕಡ್ಡಿಯಲ್ಲಿ ಹಸಿರು ಹುಳ ಬಂತು ಅಂತ ಕೆಲವರು ಹೇಳುತ್ತಾರೆ. ಎರಡೂ ಒಂದೇ ಹುಳ.

ಜ್ವರಕ್ಕೆ ಕೂತ ಹುಳ ಒಂದು ದಿನ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಸತ್ತಿದೆ ಅಂತ ಎತ್ತಿ ಬಿಸಾಡಬೇಡಿ. ರೇಷ್ಮೆ ಮನೆಯಲ್ಲಿ ಜ್ವರದ ಹೊತ್ತಿಗೆ ಯಾರೂ ತಟ್ಟೆ ಅಲುಗಿಸುವುದಿಲ್ಲ.

ಸಣ್ಣ ಮರಿ ಕಾಣೆಯಾದರೆ ಇರುವೆ, ಜೇಡ. ಮಧ್ಯದ್ದು ಹೋದರೆ ಕಣಜ ಅಥವಾ ಟುವ್ವಿ ಹಕ್ಕಿ. ಕಣಜ ಹುಳವನ್ನು ಅಲ್ಲೇ ಕಚ್ಚಿ ಉಂಡೆ ಮಾಡಿ ಹೊತ್ತೊಯ್ಯುತ್ತದೆ, ಎಲೆಯ ಮೇಲೆ ಒಂದು ಒದ್ದೆ ಕಲೆ ಉಳಿದಿರುತ್ತದೆ. ಇದಕ್ಕೆ ಏನೂ ಮಾಡಬೇಕಾಗಿಲ್ಲ. ಟುವ್ವಿಯ ಮರಿಗೂ ಹೊಟ್ಟೆ ಇದೆ ಅಲ್ವಾ? ಹತ್ತು ಹುಳದಲ್ಲಿ ಒಂದೆರಡು ಚಿಟ್ಟೆಯಾದರೂ ಚಿಟ್ಟೆಯ ಸಂಸಾರ ನಡೆಯುತ್ತದೆ. ಉಳಿದವು ಹಕ್ಕಿಯ ಪಾಲು. ಓತಿಕ್ಯಾತನನ್ನು ಓಡಿಸಬೇಡಿ, ಕಪ್ಪೆಗೆ ಉಪ್ಪು ಹಾಕಬೇಡಿ. ತುಮಕೂರಿನ ನಾಗವಲ್ಲಿ ಕಡೆ ಮರಗಳಲ್ಲಿ ಇನ್ನೂ ಕಾಡುಪಾಪ ಇರುವುದಕ್ಕೆ ಒಂದು ಕಾರಣ, ಅವು ತಿನ್ನುವ ಹುಳ ಹುಪ್ಪಟೆ ಅಲ್ಲಿ ಇನ್ನೂ ಉಳಿದಿರುವುದು.

ಚೆನ್ನಾಗಿ ಬಲಿತ ಹಸಿರು ಹುಳ ಒಂದು ಬೆಳಿಗ್ಗೆ ಇಲ್ಲ ಅಂದರೆ ಮಾತ್ರ ಖುಷಿಪಡಿ. ಅದು ಹಣ್ಣಾಗಿದೆ, ಅಂದರೆ ಕೋಶ ಕಟ್ಟಲು ಸಿದ್ಧವಾಗಿದೆ. ರೇಷ್ಮೆ ಹುಳ ಹಣ್ಣಾದಾಗ ಸೊಪ್ಪು ಬಿಟ್ಟು ತಲೆ ಎತ್ತಿ ಅಲೆಯುತ್ತದೆ, ನಾವು ಎತ್ತಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುತ್ತೇವೆ. ಚಿಟ್ಟೆ ಹುಳಕ್ಕೆ ಚಂದ್ರಿಕೆ ಇಲ್ಲ, ತಾನೇ ಜಾಗ ಹುಡುಕಬೇಕು. ಎಲೆ ಕೆಳಗೆ ಒಂದು ದೊಡ್ಡ ಒದ್ದೆ ಹಿಕ್ಕೆ ಬಿದ್ದಿದ್ದರೆ ಹೊಟ್ಟೆ ಖಾಲಿ ಮಾಡಿಕೊಂಡು ಹೊರಟಿದೆ ಅಂತ ಅರ್ಥ. ಪಕ್ಕದ ಗಿಡದ ಕಡ್ಡಿ, ಕಾಂಪೌಂಡ್ ಗೋಡೆ, ಪೈಪಿನ ಹಿಂದೆ ಹುಡುಕಿ.

ಮನುಷ್ಯರ ಕೈಯಿಂದ ಹೋಗುವುದೂ ಉಂಟು. ಪಕ್ಕದ ಮನೆ ಅಕ್ಕ ಒಂದು ದಿನ ಕಾಂಪೌಂಡ್ ಮೇಲಿಂದ ಕೂಗಿದರು. "ಏನ್ ತಮ್ಮ, ನಿಮ್ಮ ಚಿಟ್ಟೆ ಬಂದು ನನ್ನ ಕರಿಬೇವು ಬೋಳು ಮಾಡಿದೆ ನೋಡು. ಸ್ಪ್ರೇ ಹೊಡೆದುಬಿಡ್ಲಾ?"

"ಬೇಡ ಅಕ್ಕ, ಆ ಸೊಪ್ಪು ಸಾರಿಗೆ ಹಾಕ್ತೀರಲ್ವಾ? ಹುಳ ಎಷ್ಟಿವೆ?"

"ಆರಿವೆ."

"ಕಡ್ಡಿ ಸಮೇತ ಕಿತ್ತು ಕೊಡಿ, ನಮ್ಮ ಗಿಡಕ್ಕೆ ಬಿಡ್ತೀನಿ."

ಆರೂ ನಮ್ಮಲ್ಲಿಗೆ ಬಂದವು. ಅವರ ಗಿಡ ಸ್ವಲ್ಪ ದಿನಕ್ಕೆ ಮೊದಲಿಗಿಂತ ದಟ್ಟವಾಗಿ ಚಿಗುರಿತು. ಕರಿಬೇವು ಕಿತ್ತಷ್ಟೂ ಚಿಗುರುವ ಗಿಡ. ಅಡುಗೆಗೊಂದು, ಹುಳಕ್ಕೊಂದು ಅಂತ ಎರಡು ನೆಟ್ಟರೆ ಜಗಳವೇ ಇಲ್ಲ. ಹುಳವನ್ನು ಬೆರಳಿನಲ್ಲಿ ಹಿಡಿದು ಎಳೆಯಬೇಡಿ, ಕಾಲು ಕಿತ್ತು ಬರುತ್ತದೆ. ಕಡ್ಡಿಯನ್ನೇ ಕತ್ತರಿಸಿ ಸಾಗಿಸಿ. ಮುಟ್ಟಿದರೆ ತಲೆ ಹಿಂದಿನಿಂದ ಕವಲೊಡೆದ ಕಿತ್ತಳೆ ಕೊಂಬು ಹೊರಬಂದು ಘಾಟು ವಾಸನೆ ಬರುತ್ತದೆ. ಹೆದರಿಸುವುದಕ್ಕೆ ಅಷ್ಟೇ, ಏನೂ ಮಾಡುವುದಿಲ್ಲ.

ನಂದಿಬಟ್ಟಲಿನ ಮೇಲೆ ಬೆರಳು ಗಾತ್ರದ ಹಸಿರು ಹುಳ, ಎರಡು ನೀಲಿ ಕಣ್ಣಿನಂಥ ಮಚ್ಚೆ ಕಂಡರೆ ಅದನ್ನೂ ಬಿಡಿ. ಪತಂಗದ್ದು, ಕಚ್ಚುವುದಿಲ್ಲ. ಹೂವಿಗೆ ಹೋದವರು ಹಾವಿನ ಮರಿ ಅಂತ ಕಿರುಚಿ ಕೊಲ್ಲುವುದನ್ನು ನೋಡಿದ್ದೇನೆ, ತುಂಬಾ ಸಂಕಟ ಆಗುತ್ತದೆ. ನುಗ್ಗೆ ಮರದ ಕಂಬಳಿಹುಳ ಬೇರೆ ಮಾತು. ಮಕ್ಕಳು ಓಡಾಡುವ ಕಡೆ ಅದು ಕಾಂಡದ ಮೇಲೆ ಗುಂಪು ಕೂತಾಗ ತೆಗೆಸಲೇಬೇಕು. ದಾಳಿಂಬೆ ಕಾಯಿ ಕೊರೆಯುವುದೂ ಒಂದು ಚಿಟ್ಟೆಯ ಹುಳವೇ. ಎಳೆ ಕಾಯಿಗೆ ಬಟ್ಟೆ ಚೀಲ ಕಟ್ಟಿದರೆ ಇಬ್ಬರಿಗೂ ನಷ್ಟವಿಲ್ಲ.

ಹುಳ ಸಾಯುತ್ತಿದೆ

ಇದನ್ನು ನಿಧಾನವಾಗಿ ಓದಿ.

ಮೊದಲ ವರ್ಷ ನಾನು ಒಂದು ನರ್ಸರಿಯಿಂದ ಬಡ್ಲಿಯಾ ಜೊತೆಗೆ ಸೊಂಪಾದ ಒಂದು ನಿಂಬೆ ಸಸಿ ತಂದೆ. ವಾರದಲ್ಲೇ ಮೊಟ್ಟೆ ಬಿತ್ತು. ಮರಿಗಳು ಎರಡು ದಿನ ತಿಂದವು. ಮೂರನೇ ದಿನ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸತೊಡಗಿದವು. ಬಾಯಿಂದ ಹಸಿರು ನೀರು. ಮೈ ಕುಗ್ಗಿ ಅರ್ಧವಾಯಿತು, ಕಡ್ಡಿ ಹಿಡಿತ ಬಿಟ್ಟು ಬಿದ್ದವು. ನಾನು ರೋಗ ಅಂದುಕೊಂಡೆ. ಅಮ್ಮ ಬಂದು ಬಗ್ಗಿ ನೋಡಿದಳು. "ರೋಗ ಅಲ್ಲ ಕಣೋ, ಸೊಪ್ಪಲ್ಲಿ ವಿಷ ಐತೆ. ಔಷಧಿ ಹೊಡೆದ ಸೊಪ್ಪು ಹಾಕಿದ್ರೆ ನಮ್ಮ ಹುಳಾನೂ ಹಿಂಗೇ ಕಕ್ಕಿ ಸಾಯೋದು."

ಗಿಡ ಚೆನ್ನಾಗಿ ಕಾಣಲಿ ಅಂತ ಮಾರುವ ಮುಂಚೆ ಔಷಧಿ ಕೊಟ್ಟಿರುತ್ತಾರೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥವು ಬೇರಿನಿಂದ ಗಿಡದೊಳಗೇ ಏರಿ ಎಲೆ, ಪರಾಗ, ಮಕರಂದ ಎಲ್ಲಕ್ಕೂ ಸೇರುತ್ತವೆ. ತೊಳೆದರೆ ಹೋಗುವುದಿಲ್ಲ. ಹಾಗಾಗಿ ಕೊಳ್ಳುವಾಗಲೇ ಔಷಧಿ ಕೊಟ್ಟಿದ್ದೀರಾ ಅಂತ ಕೇಳಿ. ಎಲೆಯಲ್ಲಿ ಅಲ್ಲಲ್ಲಿ ತೂತಿರುವ, ಏನೋ ತಿಂದಿರುವ ಸಸಿ ಸಿಕ್ಕರೆ ಅದನ್ನೇ ತನ್ನಿ. ಅನುಮಾನ ಇದ್ದರೆ ಸೊಪ್ಪಿನ ಗಿಡಕ್ಕೆ ಸೊಳ್ಳೆಪರದೆ ಹೊದಿಸಿ ಹಲವು ತಿಂಗಳು ಇಟ್ಟು, ಹಳೆ ಎಲೆ ಉದುರಿ ಹೊಸ ಚಿಗುರು ಎರಡು ಮೂರು ಸಲ ಬಂದ ಮೇಲೆ ಬಿಡಿ. ಕಡ್ಡಿಯಿಂದ, ಬೀಜದಿಂದ ಮನೆಯಲ್ಲೇ ಬೆಳೆಸಿದರೆ ಈ ತಲೆನೋವೇ ಇಲ್ಲ.

ಬೇವಿನೆಣ್ಣೆ ಹುಳಕ್ಕೆ ಏನೂ ಮಾಡುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಮಾಡುತ್ತದೆ. ಅದು ಹುಳ ಪೊರೆ ಬಿಡುವುದನ್ನೇ ತಡೆಯುತ್ತದೆ. ಜ್ವರಕ್ಕೆ ಕೂತದ್ದು ಏಳುವುದೇ ಇಲ್ಲ. ಹುಳ ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಪುಡಿಯೂ ಅಷ್ಟೇ. ಆ ಬ್ಯಾಕ್ಟೀರಿಯಾವನ್ನು ಜಪಾನಿನ ಇಶಿವಾತಾ ಎಂಬ ವಿಜ್ಞಾನಿ 1901ರಲ್ಲಿ ಗುರುತಿಸಿದ್ದೇ ಸಾಯುತ್ತಿದ್ದ ರೇಷ್ಮೆ ಹುಳಗಳಲ್ಲಿ. ಸಾವಯವ ಅನ್ನುವ ಚೀಟಿ ಇದ್ದ ಮಾತ್ರಕ್ಕೆ ಚಿಟ್ಟೆಗೆ ಕ್ಷೇಮ ಅಂತಲ್ಲ. ಹುಳದ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು ಅನ್ನುವುದು ನಮ್ಮ ಹಳ್ಳಿಯಲ್ಲಿ ಮಕ್ಕಳಿಗೂ ಗೊತ್ತು. ಚಿಟ್ಟೆ ಹುಳವನ್ನು ಡಬ್ಬಿಯಲ್ಲಿಟ್ಟು ಮಕ್ಕಳಿಗೆ ತೋರಿಸುವವರು ಆ ಕೋಣೆಯಲ್ಲಿ ಸೊಳ್ಳೆಗೆ ಹಾಕುವ ಮೆಷಿನ್ ಹಚ್ಚಬೇಡಿ. ಡೆಂಗ್ಯೂ ಕಾಲದಲ್ಲಿ ಬೀದಿಗೆ ಹೊಗೆ ಹೊಡೆಯುವುದು ಬೇಕಾಗುತ್ತದೆ. ಆ ಸಂಜೆ ಹುಳ ಇರುವ ಕಡ್ಡಿಗಳನ್ನು ನೀರಿನ ಬಾಟಲಿಗೆ ಸಿಕ್ಕಿಸಿ ಒಳಗಿಟ್ಟುಕೊಳ್ಳಿ.

ವಿಷವಲ್ಲದಿದ್ದರೆ ರೋಗ. ಮೈ ಮೆತ್ತಗಾಗಿ, ಕಪ್ಪಾಗಿ, ಹಿಂಗಾಲಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದು, ಮುಟ್ಟಿದರೆ ಒಡೆದು ನೀರಾದರೆ ಅದು ರೇಷ್ಮೆಯ ಸಪ್ಪೆ ರೋಗ, ಹಾಲು ರೋಗದ ಜಾತಿಯದ್ದು. ಸತ್ತು ಸುಣ್ಣದ ಕಡ್ಡಿಯ ಹಾಗೆ ಬಿಳಿ ಗಟ್ಟಿಯಾದರೆ ಸುಣ್ಣಕಟ್ಟು. ಮಳೆಗಾಲದಲ್ಲಿ, ಡಬ್ಬಿಯಲ್ಲಿ ಹುಳ ಒತ್ತೊತ್ತಾಗಿದ್ದಾಗ ಜಾಸ್ತಿ. ಸತ್ತದ್ದನ್ನು ತೆಗೆದು ಹೂಳಿ, ಕೈ ತೊಳೆಯಿರಿ, ಒದ್ದೆ ಸೊಪ್ಪು ಹಾಕಬೇಡಿ, ಹಿಕ್ಕೆ ದಿನಾ ತೆಗೆಯಿರಿ.

ಇನ್ನು ಊಜಿಯಂಥವು. ರೇಷ್ಮೆ ಹುಳವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಬಂಗಾಳದ ಗೂಡಿನ ಜೊತೆ. ಆಮೇಲೆ ಹುಳದ ಮನೆ ಕಿಟಕಿಗೆಲ್ಲ ಪರದೆ ಬಂತು. ಚಿಟ್ಟೆ ಹುಳಕ್ಕೂ ಅದೇ ಬಳಗದ ನೊಣಗಳಿವೆ. ಹುಳದ ಮೈ ಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಇಡುತ್ತವೆ, ಮರಿ ಒಳಗೆ ಕೊರೆದು ಹೋದ ಜಾಗ ಕಪ್ಪಾಗುತ್ತದೆ. ಸಣ್ಣ ಕಣಜವಾದರೆ ಹುಳದ ಮೈ ಸುತ್ತ ಅಕ್ಕಿ ಕಾಳಿಗಿಂತ ಚಿಕ್ಕ ಬಿಳಿ ಗೂಡುಗಳು ಅಂಟಿರುತ್ತವೆ. ಅದನ್ನು ಚಿಟ್ಟೆಯ ಮೊಟ್ಟೆ ಅಂದುಕೊಳ್ಳಬೇಡಿ. ಆ ಹುಳ ಉಳಿಯುವುದಿಲ್ಲ. ರೇಷ್ಮೆಯಲ್ಲಿ ಊಜಿಯಿಂದ ಅನ್ನ ಹೋಗುತ್ತದೆ, ಹಾಗಾಗಿ ಕೊಲ್ಲುತ್ತೇವೆ. ಹಿತ್ತಲಿನಲ್ಲಿ ಈ ಕಣಜಗಳೇ ತರಕಾರಿಯ ಹುಳವನ್ನೂ ಹತೋಟಿಯಲ್ಲಿಡುತ್ತವೆ. ನಾನು ಮುಟ್ಟುವುದಿಲ್ಲ.

ಹೂವಿನ ಮೇಲೆ ದೊಡ್ಡ ಚಿಟ್ಟೆಯೇ ಅಲುಗಾಡದೆ ನೇತಾಡುತ್ತಿದ್ದರೆ ಮೆಲ್ಲನೆ ಗೊನೆ ತಿರುಗಿಸಿ ನೋಡಿ. ಕೆಳಗೆ ಹೂವಿನ ಬಣ್ಣಕ್ಕೇ ಹೊಂದಿದ ಏಡಿ ಜೇಡ ಅದರ ಕತ್ತು ಹಿಡಿದಿರುತ್ತದೆ. ನೆಲದ ಮೇಲೆ ಬರೀ ನಾಲ್ಕು ರೆಕ್ಕೆ ಬಿದ್ದಿದ್ದರೆ ಹಕ್ಕಿ, ಓತಿಕ್ಯಾತ ಅಥವಾ ಸೂರ್ಯನ ಕುದುರೆ. ಬೆಕ್ಕು ಸಾಕಿದವರು ಮಾತ್ರ ಬೆಳಗಿನ ಹೊತ್ತು ಅದನ್ನು ಒಳಗೆ ಇಟ್ಟುಕೊಳ್ಳಬೇಕು. ಅದು ಹೊಟ್ಟೆಗಿಲ್ಲದೆ ಬೇಟೆಯಾಡುವುದಲ್ಲ, ಟುವ್ವಿಯ ಮರಿಯನ್ನೂ ಬಿಡುವುದಿಲ್ಲ.

ಕೋಶ ಒಡೆಯುತ್ತಿಲ್ಲ

ನಿಂಬೆ ಚಿಟ್ಟೆಯ ಕೋಶ ಹಸಿರು ಕಡ್ಡಿಯಲ್ಲಿದ್ದರೆ ಹಸಿರು, ಒಣ ಕಡ್ಡಿ, ಗೋಡೆಯ ಮೇಲಿದ್ದರೆ ಸಾಮಾನ್ಯವಾಗಿ ಕಂದು. ಕಂದು ಇದ್ದ ಮಾತ್ರಕ್ಕೆ ಸತ್ತಿದೆ ಅಂತಲ್ಲ. ಸೊಂಟಕ್ಕೆ ಒಂದೇ ಒಂದು ರೇಷ್ಮೆ ಎಳೆ ಕಟ್ಟಿಕೊಂಡು ಹಿಂದಕ್ಕೆ ಒರಗಿರುತ್ತದೆ, ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಒರಗಿ ನಿಂತ ಹಾಗೆ. ಮಳೆಗಾಲ ಮುಗಿದ ಬೆಚ್ಚಗಿನ ದಿನಗಳಲ್ಲಿ ಎಂಟರಿಂದ ಹನ್ನೊಂದು ದಿನ ಸಾಕು. ಡಿಸೆಂಬರ್ ಚಳಿಯಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಕಾಯಿರಿ.

ಹದಿನೈದು ದಿನ ದಾಟಿದರೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ತಾಗಿಸಿ. ಜೀವ ಇದ್ದರೆ ಸೊಂಟ ಕುಣಿಸುತ್ತದೆ. ಅಲುಗಾಡದೆ ಹಗುರಾಗಿದ್ದು ಪಕ್ಕದಲ್ಲಿ ಗುಂಡುಸೂಜಿಯಷ್ಟು ತೂತುಗಳಿದ್ದರೆ ಒಳಗಿಂದ ಕಣಜ ಹಾರಿ ಹೋಗಿದೆ. ಬುಡದಿಂದ ಬಿಳಿ ಎಳೆ ಜೋತು ಬಿದ್ದಿದ್ದರೆ ನೊಣದ ಮರಿ ಇಳಿದು ಮಣ್ಣಿಗೆ ಸೇರಿದೆ. ಕಪ್ಪಾಗಿ ಮೆತ್ತಗಾಗಿ ವಾಸನೆ ಬಂದರೆ ರೋಗ. ಕಪ್ಪಾಗಿ ಗಟ್ಟಿ ಇದ್ದು, ಸಿಪ್ಪೆಯ ಒಳಗೆ ಹಳದಿ ಚುಕ್ಕಿ ಕಾಣುತ್ತಿದ್ದರೆ ಮಾತ್ರ ಮುಟ್ಟಬೇಡಿ. ಅದು ಒಳಗಿನ ರೆಕ್ಕೆ. ಮಾರನೇ ಬೆಳಿಗ್ಗೆ ಒಡೆಯುತ್ತದೆ.

ಬೆಳಿಗ್ಗೆ ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿದ ಕರ್ಚೀಫಿನ ಹಾಗಿರುತ್ತದೆ. ಅಂಗವಿಕಲ ಅಂದುಕೊಂಡು ಎತ್ತಬೇಡಿ, ಬಿಡಿಸಲು ಹೋಗಬೇಡಿ. ಅದು ಏನನ್ನಾದರೂ ಹಿಡಿದು ನೇತಾಡಬೇಕು, ಮೈಯಿಂದ ರಸ ರೆಕ್ಕೆಗೆ ಇಳಿದು ಬಿಚ್ಚಿಕೊಳ್ಳಬೇಕು. ನುಣುಪಾದ ಗಾಜಿನ ಡಬ್ಬಿಯಲ್ಲಿ ಹಿಡಿಯಲು ಏನೂ ಇಲ್ಲದೆ ಜಾರಿ ಬಿದ್ದರೆ ಆ ರೆಕ್ಕೆ ಹಾಗೇ ಒಣಗಿ ಸೊಟ್ಟಗಾಗಿಬಿಡುತ್ತದೆ, ಆಮೇಲೆ ಸರಿ ಮಾಡಲು ಆಗುವುದಿಲ್ಲ. ಡಬ್ಬಿಯೊಳಗೆ ಒಂದು ಒರಟು ಕಡ್ಡಿ ಓರೆಯಾಗಿ ನಿಲ್ಲಿಸಿ, ಇಲ್ಲ ಒಳಗೋಡೆಗೆ ಗೋಣಿಚೀಲದ ತುಂಡು ಅಂಟಿಸಿ. ಎರಡು ಗಂಟೆ ಬಿಟ್ಟು, ಬಿಸಿಲು ಏರಿದ ಮೇಲೆ ಮುಚ್ಚಳ ತೆಗೆಯಿರಿ.